ಹನ್ನೊಂದನೆಯ ಪಾತ್ರೆ

ಸಾಯುವ ಹಿಂದಿನ ದಿನ ಅವನು ಮನೆಯ ಪಾತ್ರೆಗಳನ್ನೆಲ್ಲ ಹಜಾರದ ನೆಲದ ಮೇಲೆ ಹರಡಿಕೊಂಡು ಕೂತಿದ್ದ. ಭಾನುವಾರ. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮಂಡಿಯೂರಿ, ಕುಕ್ಕರಿನಿಂದ ಕೆಟಲಿಗೆ, ಕೆಟಲಿನಿಂದ ಹಾಲಿನ ಕ್ಯಾನಿಗೆ ಪೈಜಾಮದ ಲಾಡಿ ಎಳೆಯುತ್ತಿದ್ದ. ಲಾಡಿ ಎಂದರೆ ಪೈಪು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅಡುಗೆಮನೆಯಲ್ಲಿ ಉಳಿದಿದ್ದದ್ದು ಆ ಸೌಟೊಂದೇ.

"ರೀ, ಕುಕ್ಕರ್ ಕೊಡಿ. ಹನ್ನೆರಡಾಯ್ತು."

"ಕುಕ್ಕರ್ ಅಲ್ಲ ಕಣೇ ಇದು. ರಿಯಾಕ್ಟರ್. ಒಳಗೆ ಎಂಟು ಟನ್ ರಾಳ ಕುದೀತಾ ಇದೆ."

"ನನಗೆ ಅದರೊಳಗೆ ಅರ್ಧ ಕೆಜಿ ಆಲೂಗಡ್ಡೆ ಬೇಯಬೇಕು."

"ಇನ್ನು ಹತ್ತೇ ನಿಮಿಷ."

"ನಿಮ್ಮ ಹತ್ತು ನಿಮಿಷಕ್ಕೆ ಎಷ್ಟು ಪರ್ಸೆಂಟ್ ಹೆಚ್ಚುಕಮ್ಮಿ?"

"ಮೂವತ್ತು," ಎಂದ ಅವನು, ತಲೆ ಎತ್ತದೆ. "ಮೊದಲನೇ ಅಂದಾಜು ಅಲ್ವಾ."

ಅವನ ಕೆಲಸವೇ ಅದು. ರಾಸಾಯನಿಕ ಕಾರ್ಖಾನೆಗಳ ನಕ್ಷೆ ಮಾಡಿಕೊಡುವ ಕಚೇರಿಯೊಂದರಲ್ಲಿ ಅಂದಾಜುಗಾರ. ಇನ್ನೂ ಕಟ್ಟದ ಕಾರ್ಖಾನೆಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಮುಂಚೆಯೇ ಹೇಳಬೇಕು. ಈ ಸಲದ್ದು ಬಣ್ಣದ ಕಂಪನಿಯೊಂದಕ್ಕೆ ರಾಳ ಬೇಯಿಸುವ ಕಾರ್ಖಾನೆ. ಹತ್ತು ಪಾತ್ರೆ ನೆಲದ ಮೇಲಿದ್ದವು. ಅವನು ಕೈ ಚಾಚಿದ.

"ಆ ದೊಡ್ಡ ಬೋಗುಣಿ ಕೊಡೇ."

"ಅದರಲ್ಲಿ ಬಟ್ಟೆ ನೆನೆಸಿದೀನಿ."

"ತೆಗಿ. ಹನ್ನೊಂದನೇದು ಅದೇ."

"ಹತ್ತು ಸಾಲದಾ?"

ಅವನು ಕುಕ್ಕರಿನ ಮೇಲೆ ಕೈಯಿಟ್ಟ. "ಈಗ ತಣ್ಣೀರಿನ ಪಂಪ್ ಕೆಟ್ಟುಹೋಯ್ತು ಅಂದುಕೋ. ಇದು ಉಕ್ಕಕ್ಕೆ ಶುರು ಮಾಡುತ್ತೆ. ಒಲೆ ಆರಿಸಿದ್ರೂ ನಿಲ್ಲಲ್ಲ, ತನ್ನ ಬಿಸಿಗೆ ತಾನೇ ಉಕ್ಕುತ್ತೆ. ಉಕ್ಕಿದ್ದು ಎಲ್ಲಿಗೆ ಹೋಗಬೇಕು?"

"ಒಲೆ ಮೇಲೆ. ಇನ್ನೆಲ್ಲಿಗೆ?"

"ಅಲ್ಲಿ ಒಲೆ ಪಕ್ಕ ಹನ್ನೆರಡು ಜನ ನಿಂತಿರ್ತಾರೆ."

ಅವಳು ಹೋಗಿ, ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿ, ಬೋಗುಣಿ ಒರೆಸಿ ತಂದು ಕೊಟ್ಟಳು. ಅವನು ಅದನ್ನು ಗೋಡೆಯ ಹತ್ತಿರ, ಉಳಿದವುಗಳಿಂದ ದೂರ ಇಟ್ಟು, ಕುಕ್ಕರಿನ ವಿಷಲ್ಲಿನಿಂದ ಅಲ್ಲಿಗೆ ಅವಳ ಹಳೇ ಹಸಿರು ಸೀರೆಯ ಪಟ್ಟಿಯೊಂದನ್ನು ಎಳೆದ.

"ಇದರಲ್ಲಿ ಏನಿರುತ್ತೆ?"

"ಏನೂ ಇರಲ್ಲ. ಇರಬಾರದು. ಇಪ್ಪತ್ತು ವರ್ಷ ಖಾಲಿ ನಿಂತಿರುತ್ತೆ. ಅದೇ ಅದರ ಕೆಲಸ."

"ನಿಮ್ಮ ತಮ್ಮನಿಗೆ ಹೇಳಿ ಮಾಡಿಸಿದ ಕೆಲಸ," ಎಂದಳು ಅವಳು.

ಅವನು ಬಿದ್ದು ಬಿದ್ದು ನಕ್ಕ. ಊಟ ಆದದ್ದು ಮೂರು ಗಂಟೆಗೆ.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದೂವರೆಗೆ, ಕಚೇರಿಯ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವಿನ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅಷ್ಟೇ. ಅದರ ಬಗ್ಗೆ ಅವಳಿಗೆ ಹೇಳುವುದಕ್ಕೆ ಬೇರೆ ಏನೂ ಇಲ್ಲ. ಲಿಫ್ಟ್ ಕೆಟ್ಟಿತ್ತು.

ಮದುವೆಯಾದ ಹೊಸದರಲ್ಲಿ ಅವಳಿಗೆ ಅವನ ಕೆಲಸ ಏನೆಂದು ತಿಳಿದಿರಲಿಲ್ಲ. ತಿಳಿದದ್ದು ಪಾತ್ರೆ ಅಂಗಡಿಯಲ್ಲಿ. ಹತ್ತು ಲೀಟರಿನ ನೀರಿನ ಪಾತ್ರೆಗೆ ಅಂಗಡಿಯವನು ಒಂದು ಬೆಲೆ ಹೇಳಿದ. ಇಪ್ಪತ್ತು ಲೀಟರಿನದಕ್ಕೆ ಅದರ ಎರಡರಷ್ಟು ಅಂದ. ಹೊಸ ಗಂಡ ಕೈ ಕಟ್ಟಿಕೊಂಡು ನಿಂತ. "ನೀರು ಎರಡರಷ್ಟು ಹಿಡಿಯುತ್ತೆ ಸರಿ. ತಗಡು ಎರಡರಷ್ಟು ಎಲ್ಲಿ ಬೇಕು? ಒಂದೂವರೆ ಸಾಕು. ತೂಗಿ ನೋಡಿ." ತೂಗಿದರು. ಒಂದೂವರೆಯೇ, ಒಂದು ಹಿಡಿ ಹೆಚ್ಚು. ಅಂಗಡಿಯವನು ಅವಳ ಕಡೆ ತಿರುಗಿ, "ಅಮ್ಮಾ, ಪಾತ್ರೆ ತಗೊಂಡು ಹೋಗಿ. ಇನ್ನೊಂದು ಸಲ ಬರುವಾಗ ನೀವೊಬ್ಬರೇ ಬನ್ನಿ," ಎಂದ. ಅವಳಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ದಾರಿಯುದ್ದಕ್ಕೂ ಆ ಪಾತ್ರೆಯನ್ನು ಇಬ್ಬರೂ ಒಂದೊಂದು ಕಿವಿ ಹಿಡಿದು ತಂದರು.

ಅವನು ಆ ಕಚೇರಿಗೆ ಸೇರಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ನಕ್ಷೆಗಳ ಮೇಲೆ ತೆಳು ಹಾಳೆಯಿಟ್ಟು ತಿದ್ದುವುದಕ್ಕೆ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಬೆಸುಗೆ ಹಾಕುವವರ ಹತ್ತಿರ, ಬಾಯ್ಲರ್ ಕಟ್ಟುವವರ ಹತ್ತಿರ, ಪೈಪ್ ಮಾರುವವರ ಹತ್ತಿರ ಹೋಗಿ ನಿಂತು, ಅವರ ಬಿಸಿ ಟೀ ಕುಡಿದು, ಯಾವುದಕ್ಕೆ ಎಷ್ಟು ಹೊತ್ತು, ಯಾವುದಕ್ಕೆ ಎಷ್ಟು ಕೈ ಎಂದು ಕೇಳಿ ಕೇಳಿ ಕಲಿತ. ಹತ್ತು ವರ್ಷದಲ್ಲಿ ಕಚೇರಿಗೆ ಅವನಿಲ್ಲದೆ ಕೈಕಾಲು ಆಡದ ಹಾಗಾಯಿತು. ಎಲ್ಲರೂ ಅವನನ್ನು ಅಂದಾಜಣ್ಣ ಎಂದು ಕರೆದರು. ಅವನ ಹೆಸರು ಬರುತ್ತಿದ್ದದ್ದು ಒಂದೇ ಕಡೆ: ಅಂದಾಜು ಪುಸ್ತಕದ ಮೊದಲ ಹಾಳೆಯಲ್ಲಿ, 'ಸಿದ್ಧಪಡಿಸಿದವರು' ಎಂಬ ಮಾತಿನ ಮುಂದೆ. ಅಲ್ಲಿ ಸಹಿ ಹಾಕುವುದಕ್ಕೆ ಅವನು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದ.

ಪಾತ್ರೆ ಹರಡುವ ಹುಚ್ಚು ಆಮೇಲೆ ಬಂತು. ಒಮ್ಮೆ ಅವಳು ಕೇಳಿದ್ದಳು, ಕಾಗದ ಇಲ್ಲವೇ, ಕಂಪ್ಯೂಟರ್ ಇಲ್ಲವೇ, ನನ್ನ ಅಡುಗೆಮನೆ ಯಾಕೆ ಎಂದು. ಅವನು ಹೇಳಿದ: "ಕಾಗದದ ಮೇಲೆ ಎಲ್ಲ ಚೆನ್ನಾಗಿ ನಡೀತಿರುತ್ತೆ ಕಣೇ. ಕೆಟ್ಟ ದಿನಕ್ಕೆ ಅಂತ ಇಟ್ಟಿದ್ದು ಕಾಗದದಲ್ಲಿ ಕಣ್ಣಿಗೆ ಬೀಳಲ್ಲ. ನೆಲದ ಮೇಲೆ ಇಟ್ರೆ ಕಾಲಿಗಾದ್ರೂ ಎಡವುತ್ತೆ." ನಿಜ. ಆ ಭಾನುವಾರ ಅವಳು ಬೋಗುಣಿಗೆ ಎರಡು ಸಲ ಎಡವಿದ್ದಳು.

ಅವನು ಹೋಗಿ ಒಂದು ತಿಂಗಳಾದ ಮೇಲೆ ನಕ್ಷೆಯವಳು ಮನೆಗೆ ಬಂದಳು. ಕಚೇರಿಯಲ್ಲಿ ಅವನ ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುವವಳು, ನಲವತ್ತೈದು ದಾಟಿದ ಒಂಟಿ ಹೆಂಗಸು, ಮಂಡಿ ನೋವು, ಹರಿತ ನಾಲಿಗೆ. ಒಂದು ರಟ್ಟಿನ ಡಬ್ಬ ತಂದಿದ್ದಳು. ಅದರಲ್ಲಿ ಅವನ ಸ್ಕೇಲು, ನೀರಿನ ಲೋಟ, ಒಂದು ಕಾಲು ಮುರಿದ ಕನ್ನಡಕ. ಮೇಲೆ ಹೊಸದಾಗಿ ಹೊಲಿದ ದಪ್ಪ ಪುಸ್ತಕ.

"ಅಕ್ಕಾ, ಇದು ಅಣ್ಣ ಮಾಡಿದ ಕೊನೇ ಕೆಲಸ. ರಾಳದ ಕಾರ್ಖಾನೇದು. ಮೊನ್ನೆ ಕಂಪನಿಯವರಿಗೆ ಕೊಟ್ಟಾಯ್ತು. ಒಪ್ಪಿಗೆ ಬಂತು. ಒಂದು ಪ್ರತಿ ನಿಮ್ಮ ಹತ್ರ ಇರಲಿ ಅಂತ ತಂದೆ."

ಅಂದಾಜಣ್ಣನ ಹೆಂಡತಿ ಓದಿದ್ದು ನಾಲ್ಕನೇ ತರಗತಿ. ಪುಸ್ತಕದ ಭಾಷೆ ಅವಳಿಗೆ ಬರುತ್ತಿರಲಿಲ್ಲ. ಆದರೆ ಮೊದಲ ಹಾಳೆಯಲ್ಲಿ ಗಂಡನ ಹೆಸರು ಎಲ್ಲಿದೆ ಎಂದು ಗೊತ್ತಿತ್ತು. ಬೆರಳಿಂದ ಮುಟ್ಟಿದಳು. ಆಮೇಲೆ ಪುಟ ತಿರುವುತ್ತ ಹೋದಳು. ಹಿಂದೆ ಮಡಚಿ ಅಂಟಿಸಿದ ದೊಡ್ಡ ನಕ್ಷೆಯೊಂದಿತ್ತು. ಬಿಚ್ಚಿ ತೊಡೆಯ ಮೇಲೆ ಹರಡಿದಳು. ಕುಕ್ಕರ್ ಇತ್ತು. ಕೆಟಲ್ ಇತ್ತು. ಹಾಲಿನ ಕ್ಯಾನು ಇತ್ತು. ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. ಹತ್ತು. ಮತ್ತೆ ಎಣಿಸಿದಳು.

"ಬೋಗುಣಿ ಎಲ್ಲಿ?"

"ಏನಕ್ಕಾ?"

"ಹನ್ನೊಂದು ಇರಬೇಕು. ಗೋಡೆ ಹತ್ರ ಒಂದು. ಖಾಲೀದು."

ನಕ್ಷೆಯವಳು ಅವಳನ್ನು ಕನಿಕರದಿಂದ ನೋಡಿದಳು. ದುಃಖದಲ್ಲಿ ಏನೋ ಹೇಳುತ್ತಿದ್ದಾಳೆ ಅಂದುಕೊಂಡಿರಬೇಕು. ಆದರೂ ಬಗ್ಗಿ ನಕ್ಷೆ ನೋಡಿದಳು. ಪಟಪಟನೆ ಪುಟ ತಿರುವಿ ಪಟ್ಟಿ ನೋಡಿದಳು. ಅಲ್ಲೂ ಹತ್ತೇ ಸಾಲು.

"ಅಯ್ಯೋ, ಸೊನ್ನೆ," ಎಂದಳು.

ಆಮೇಲೆ ಬಿಡಿಸಿ ಹೇಳಿದಳು. ಅಂದಾಜಣ್ಣ ಹೋದ ಮೇಲೆ ಉಳಿದ ಕೆಲಸವನ್ನು ಹೊಸದಾಗಿ ಬಂದ ಕಂಪ್ಯೂಟರಿನವನಿಗೆ ಒಪ್ಪಿಸಿದ್ದರು. ಯಾವ ಪಾತ್ರೆಯೊಳಗೆ ಗಂಟೆಗೆ ಎಷ್ಟು ಹರಿಯುತ್ತದೆ ಎಂಬ ಪಟ್ಟಿಯನ್ನು ಅವನು ಕಂಪ್ಯೂಟರಿಗೆ ಕೊಟ್ಟ. ಹರಿವು ನೋಡಿ ಅದು ಪಾತ್ರೆಯ ಗಾತ್ರ ಹೇಳುತ್ತದೆ, ಗಾತ್ರ ನೋಡಿ ಬೆಲೆ ಹೇಳುತ್ತದೆ. ಖಾಲಿ ಟ್ಯಾಂಕಿನ ಹರಿವು ಸೊನ್ನೆ. ಆದ್ದರಿಂದ ಗಾತ್ರ ಸೊನ್ನೆ, ಬೆಲೆ ಸೊನ್ನೆ. ಸೊನ್ನೆಯ ಸಾಲುಗಳನ್ನು ಅಚ್ಚಿಗೆ ಮುಂಚೆ ಅಳಿಸಿಹಾಕುವುದು ರೂಢಿ. ಪಟ್ಟಿಯಲ್ಲಿ ಇಲ್ಲದ ಟ್ಯಾಂಕು ನಕ್ಷೆಯಲ್ಲಿ ಯಾಕೆ ಎಂದು ಅಲ್ಲಿಂದಲೂ ತೆಗೆಸಿದರು. ತೆಗೆದದ್ದು ನಕ್ಷೆಯವಳೇ, ತನ್ನ ಕೈಯಿಂದಲೇ, ಬೇರೆ ಮೂವತ್ತು ತಿದ್ದುಪಡಿಗಳ ಜೊತೆ.

"ನಾನು ನೋಡ್ಲೇ ಇಲ್ಲ ಅಕ್ಕಾ."

"ಈಗ ನೋಡಿದ್ಯಲ್ಲ," ಎಂದಳು ಅವಳು. "ಉಕ್ಕಿದ್ದು ಎಲ್ಲಿಗೆ ಹೋಗುತ್ತೆ ಈಗ?"

ಇಬ್ಬರೂ ಮೊದಲ ಹಾಳೆಯನ್ನು ನೋಡಿದರು. ಅಲ್ಲಿ ಹೆಸರು ಇತ್ತು.

ಮಾರನೆಯ ಬೆಳಿಗ್ಗೆ ಅವಳು ಕಚೇರಿಗೆ ಹೋದಳು. ಲಿಫ್ಟ್ ಸರಿಹೋಗಿತ್ತು. ಅವಳು ಮೆಟ್ಟಿಲಿನಲ್ಲೇ ಹತ್ತಿದಳು. ದೊಡ್ಡ ಸಾಹೇಬರು ಎದ್ದು ನಿಂತು ಕೈಮುಗಿದರು, ಕುರ್ಚಿ ಹಾಕಿಸಿದರು, ಟೀ ತರಿಸಿದರು.

"ಅಮ್ಮಾ, ಅವರಂಥವರು ಮತ್ತೆ ಸಿಗಲ್ಲ. ಮೀಟಿಂಗ್ ಕೋಣೇಲಿ ಅವರ ಫೋಟೋ ಹಾಕಿಸ್ತಿದೀವಿ."

"ಫೋಟೋ ಬೇಡ. ಟ್ಯಾಂಕ್ ಹಾಕಿ."

ಸಾಹೇಬರು ಟೀ ಲೋಟ ಕೆಳಗಿಟ್ಟರು. ಅವಳು ಪುಸ್ತಕ ತೆಗೆದು ನಕ್ಷೆ ಬಿಚ್ಚಿ, ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಸಾಹೇಬರಿಗೆ ಗೊತ್ತಿಲ್ಲದ ವಿಷಯವೇನಲ್ಲ ಅದು. ನಕ್ಷೆಯವಳು ಬೆಳಿಗ್ಗೆಯೇ ಹೇಳಿದ್ದಳು. ಅವರ ಕಣ್ಣೇ ಹಾಗೆಂದಿತು.

"ಅದು ತಾಂತ್ರಿಕ ವಿಷಯ ಅಮ್ಮಾ. ಕಾರ್ಖಾನೆ ಕಟ್ಟೋವಾಗ ನೋಡ್ಕೋಬಹುದು. ಮೊತ್ತ ಹೇಳಿಯಾಗಿದೆ, ಅವರು ಒಪ್ಪಿಯಾಗಿದೆ. ಈಗ ಹೋಗಿ ಒಂದು ಟ್ಯಾಂಕ್ ಮರೆತಿದ್ವಿ ಅಂದ್ರೆ ನಮ್ಮ ಮುಖಕ್ಕೆ ಏನು ಬೆಲೆ?"

"ನೀವು ಮರೆತಿರಿ. ಅವರು ಮರೆತಿರಲಿಲ್ಲ. ಹೆಸರು ಅವರದ್ದು ಯಾಕೆ ಹಾಕಿದ್ರಿ?"

"ಗೌರವಕ್ಕೆ."

"ಗೌರವಾನಾ? ನಾಳೆ ಅಲ್ಲಿ ಹನ್ನೆರಡು ಜನ ಬೆಂದುಹೋದ್ರೆ, ಪುಸ್ತಕ ತೆಗೆದು ನೋಡೋದು ಯಾರ ಹೆಸರು? ಬದುಕಿರೋರದ್ದು ಒಂದೂ ಇಲ್ಲವಲ್ಲ ಇದರಲ್ಲಿ. ಹತ್ತೇ ಪಾತ್ರೆ ಇರೋ ಪುಸ್ತಕದಲ್ಲಿ ನನ್ನ ಗಂಡನ ಹೆಸರು ಬೇಡ. ಹನ್ನೊಂದು ಮಾಡಿ, ಇಲ್ಲ ಹೆಸರು ತೆಗೀರಿ."

"ನೀವು ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ," ಎಂದರು ಸಾಹೇಬರು, ಮೃದುವಾಗಿ. ಬೈದಿದ್ದರೆ ವಾಸಿಯಿತ್ತು.

ಸಂಜೆ ಮೈದುನ ಬಂದ. ಸಾಹೇಬರು ಅವನಿಗೆ ಫೋನ್ ಮಾಡಿದ್ದರು. ಕಾಲು ಚಾಚಿಕೊಂಡು ಅಣ್ಣನ ಕುರ್ಚಿಯಲ್ಲಿ ಕೂತ.

"ಅತ್ತಿಗೆ, ಇದೆಲ್ಲ ನಿಮಗ್ಯಾಕೆ? ದೊಡ್ಡ ದೊಡ್ಡ ಎಂಜಿನಿಯರುಗಳು ಇದಾರೆ. ನೀವು ಹೋಗಿ ಪಾತ್ರೆ ಲೆಕ್ಕ ಹೇಳಿದ್ರೆ ಜನ ನಗ್ತಾರೆ."

"ನಗಲಿ."

"ಅಣ್ಣನ ಮಾನ ಹೋಗುತ್ತೆ."

"ಅದಕ್ಕೇ ಹೋಗಿದ್ದು ನಾನು. ನಿನಗೆ ಟೀ ಬೇಕಾ, ಅಥವಾ ಬುದ್ಧಿ ಹೇಳಿ ಹೊಟ್ಟೆ ತುಂಬಿತಾ?"

"ಅಣ್ಣ ಇದ್ದಾಗ ನೀವು ಹೀಗಿರಲಿಲ್ಲ."

"ಅವರಿದ್ದಾಗ ಈ ಕೆಲಸ ಅವರೇ ಮಾಡ್ತಿದ್ರು."

ಮೈದುನ ಟೀ ಕುಡಿದೇ ಹೋದ.

ಆಮೇಲೂ ಎಂಟು ದಿನ ಅವಳು ದಿನವೂ ಹೋದಳು. ಮೊದಲು ಕುರ್ಚಿ ಸಿಗುವುದು ನಿಂತಿತು, ಆಮೇಲೆ ಟೀ, ಆಮೇಲೆ ಸಾಹೇಬರೇ. ಬಾಗಿಲ ಕಾವಲುಗಾರ ಮಾತ್ರ ತನ್ನ ಸ್ಟೂಲು ಬಿಟ್ಟುಕೊಡುತ್ತಿದ್ದ. "ಕೂತ್ಕೊಳ್ಳಿ ಅಮ್ಮಾ. ಅಂದಾಜಣ್ಣ ಈ ಕಟ್ಟಡದ ಗೇಟಿಗೆ ಎಷ್ಟು ಕಬ್ಬಿಣ ಹೋಗಿದೆ ಅಂತ ನನಗೆ ಹೇಳಿದ್ರು. ಈಗಲೂ ನೆನಪಿದೆ." ಒಂಬತ್ತನೆಯ ದಿನ ಬಣ್ಣದ ಕಂಪನಿಯವರು ನಕ್ಷೆ ಮೇಲೆ ಕೊನೆಯ ಮುದ್ರೆ ಒತ್ತಲು ಬರುತ್ತಾರೆ ಎಂದು ನಕ್ಷೆಯವಳು ಪಿಸುಮಾತಿನಲ್ಲಿ ತಿಳಿಸಿದಳು.

ಆ ದಿನ ಅವಳು ಗೋಣಿಚೀಲದಲ್ಲಿ ಪಾತ್ರೆಗಳನ್ನು ತುಂಬಿಕೊಂಡು ಹೋದಳು. ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೂ ಟಿಕೆಟ್ ಹರಿದ. ಕಾವಲುಗಾರ ಚೀಲದ ಕಡೆ ನೋಡಿ, ಅವಳ ಮುಖ ನೋಡಿ, ಬಾಗಿಲ ಕಡೆ ಬೆನ್ನು ತಿರುಗಿಸಿಕೊಂಡು ನಿಂತ. ಮೀಟಿಂಗ್ ಕೋಣೆಯ ಬಾಗಿಲು ಭುಜದಿಂದ ನೂಕಿ ಅವಳು ಒಳಗೆ ಹೋದಳು. ಉದ್ದ ಮೇಜು, ಆರೇಳು ಜನ. ಗೋಡೆಯ ಮೇಲೆ ಫೋಟೋ ಬಂದಿತ್ತು. ಅವನು ಎಂದೂ ಹಾಕದ ಕೋಟು ಹಾಕಿಸಿದ್ದರು ಅದರಲ್ಲಿ.

"ಅಮ್ಮಾ, ಇದು ಸಮಯ ಅಲ್ಲ," ಎಂದು ಸಾಹೇಬರು ಅರ್ಧ ಎದ್ದರು.

ಅವಳು ಚೀಲ ಸುರುವಿದಳು. ಆ ಸದ್ದಿಗೆ ಯಾರ ಮಾತೂ ಕೇಳಲಿಲ್ಲ. ಮಂಡಿಯೂರಿ ಒಂದೊಂದನ್ನೂ ಅವನಿಟ್ಟ ಜಾಗದಲ್ಲೇ ಇಟ್ಟಳು. ಲಾಡಿಗಳನ್ನು ಎಳೆದಳು. ಒಬ್ಬ ನಕ್ಕ. ಇನ್ನೊಬ್ಬನೂ ನಕ್ಕ. ಅವಳು ಕೈ ನಿಲ್ಲಿಸಲಿಲ್ಲ. ಬೋಗುಣಿಯನ್ನು ಮಾತ್ರ ಕೆಳಗಿಡದೆ ಎದೆಗೆ ಅವಚಿಕೊಂಡು ಎದ್ದು ನಿಂತಳು.

"ನಿಮ್ಮ ಪುಸ್ತಕದಲ್ಲಿ ಇರೋದು ಇಷ್ಟು. ಇದು ಕುದಿಯೋ ಪಾತ್ರೆ. ತಣ್ಣೀರು ನಿಂತರೆ ಉಕ್ಕುತ್ತೆ. ನಿಮ್ಮಲ್ಲಿ ಇದರ ಪಕ್ಕ ನಿಲ್ಲೋರು ಯಾರು?"

ಕೋಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಜಿನ ಕೊನೆಯಲ್ಲಿ, ಅಂಗಿಯ ತೋಳು ಮಡಚಿದ್ದ, ಬಣ್ಣದ ಕಂಪನಿಯ ಒಬ್ಬ ಫೋರ್‌ಮನ್ ಕೂತಿದ್ದ. ಅವನನ್ನು ಕರೆದುಕೊಂಡು ಬಂದದ್ದು ಬಾಗಿಲು, ಮೆಟ್ಟಿಲುಗಳ ವಿಷಯ ಕೇಳಲಿಕ್ಕೆ. ಅಲ್ಲಿಯವರೆಗೆ ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಅವನು ಎದ್ದು ಬಂದು ಕುಕ್ಕರಿನ ಪಕ್ಕ ನಿಂತ.

"ನಾನು, ನಮ್ಮ ಹುಡುಗರು," ಎಂದ. ವಿಷಲ್ಲನ್ನು ಬೆರಳಿಂದ ಮುಟ್ಟಿದ. "ಇಲ್ಲಿಂದ ಬಂದಿದ್ದು ಎಲ್ಲಿಗೆ ಹೋಗುತ್ತೆ?"

ಸಾಹೇಬರು ಬಾಯಿ ತೆರೆದರು. ಅಷ್ಟರಲ್ಲಿ ಗೋಡೆಯ ಬದಿಯಿಂದ ನಕ್ಷೆಯವಳು ಹೇಳಿದಳು: "ಎಲ್ಲಿಗೂ ಹೋಗಲ್ಲ. ಒಂದು ಟ್ಯಾಂಕ್ ಇತ್ತು. ಹರಿವು ಸೊನ್ನೆ ಅಂತ ಪಟ್ಟಿಯಿಂದ ಬಿದ್ದುಹೋಯ್ತು. ನಕ್ಷೆಯಿಂದ ತೆಗೆದವಳು ನಾನೇ. ಸಾಹೇಬರಿಗೆ ಒಂಬತ್ತು ದಿನದ ಹಿಂದೆ ಹೇಳಿದೀನಿ."

ಈಗ ಯಾರೂ ನಗಲಿಲ್ಲ. ಫೋರ್‌ಮನ್ ತನ್ನ ಯಜಮಾನರ ಕಡೆ ತಿರುಗಿದ. "ಸಾರ್, ಇದಿಲ್ದೆ ನಾನು ಒಲೆ ಹಚ್ಚಲ್ಲ." ಅಷ್ಟು ಹೇಳಿ ಅವಳ ಕೈಯಿಂದ ಬೋಗುಣಿ ತೆಗೆದುಕೊಂಡು, "ಎಲ್ಲಿಡಬೇಕಮ್ಮ?" ಎಂದು ಕೇಳಿದ.

"ದೂರ. ಗೋಡೆ ಹತ್ರ."

ಹದಿನೈದು ದಿನದ ಮೇಲೆ ಹೊಸ ಪುಸ್ತಕ ಅಂಚೆಯಲ್ಲಿ ಬಂತು. ಅವಳು ನಕ್ಷೆ ಬಿಚ್ಚಿ ಎಣಿಸಿದಳು. ಹನ್ನೊಂದು. ಮೊದಲ ಹಾಳೆ ತೆರೆದಳು. ಗಂಡನ ಹೆಸರಿದ್ದ ಜಾಗದಲ್ಲಿ ಬೇರೆ ಹೆಸರಿತ್ತು; ಅದು ಕಂಪ್ಯೂಟರಿನವನದ್ದೆಂದು ನಕ್ಷೆಯವಳು ಹೇಳಿದಳು. ಸಾಹೇಬರು ಟ್ಯಾಂಕ್ ಕೊಟ್ಟು ಹೆಸರು ಕಿತ್ತುಕೊಂಡಿದ್ದರು. ಮೀಟಿಂಗ್ ಕೋಣೆಯ ಫೋಟೋವೂ ಇಳಿಯಿತೆಂದು ಕಾವಲುಗಾರ ಹೇಳಿಕಳಿಸಿದ.

ಮೈದುನ ಬಂದು, "ನೋಡಿದ್ರಾ ಅತ್ತಿಗೆ, ಇದ್ದಿದ್ದೂ ಹೋಯ್ತು," ಎಂದ.

ಅವಳಿಗೆ ಚುಚ್ಚಿದ್ದು ಸುಳ್ಳಲ್ಲ. ಮೂವತ್ತೊಂದು ವರ್ಷದಲ್ಲಿ ಅವನು ತನಗೆಂದು ಕೇಳಿದ್ದು ಆ ಒಂದು ಸಾಲು. ಆಮೇಲೆ ಪೆನ್ಸಿಲ್ ತೆಗೆದುಕೊಂಡು, ನಾಲಿಗೆ ಕಚ್ಚಿಕೊಂಡು, ತನಗೆ ಬರುವ ದಪ್ಪ ಅಕ್ಷರದಲ್ಲಿ, ಹನ್ನೊಂದನೆಯ ಪಾತ್ರೆಯ ಚಿತ್ರದ ಹೊಟ್ಟೆಯೊಳಗೆ ಗಂಡನ ಹೆಸರು ಬರೆದಳು. ಒತ್ತಕ್ಷರ ಒಂದು ತಪ್ಪಾಯಿತು. ತಿದ್ದಲಿಲ್ಲ.

"ಈಗ ನೀನು ಎದ್ದು ಆ ಕುರ್ಚಿ ಬಿಡು," ಎಂದಳು ಮೈದುನನಿಗೆ. "ನನ್ನ ಮನೆಗೆ ಜನ ಬರೋದಿದೆ."

ಬಂದವಳು ನಕ್ಷೆಯವಳು, ಎರಡು ಪೆಟ್ಟಿಗೆ ಮತ್ತು ಒಂದು ಹಾಸಿಗೆಯ ಸುರುಳಿ ಹೊತ್ತುಕೊಂಡು. ಬಾಯಿ ಬಿಟ್ಟದ್ದಕ್ಕೆ ಸಾಹೇಬರು ಅವಳನ್ನು ಕಾರ್ಖಾನೆ ಕಟ್ಟುವ ಜಾಗಕ್ಕೆ ಎತ್ತಂಗಡಿ ಮಾಡಿದ್ದರು. ಒಂದೂವರೆ ಗಂಟೆಯ ದಾರಿ, ಧೂಳು, ತಗಡಿನ ಶೆಡ್ಡು. ಮಂಡಿ ನೋವಿನವಳು ತಾನಾಗೇ ಬಿಟ್ಟುಹೋಗಲಿ ಎಂಬ ಲೆಕ್ಕ. ಅಲ್ಲಿಗೆ ಕೆಲಸದವರನ್ನು ಕರೆದೊಯ್ಯುವ ಬಸ್ಸು ಹೊರಡುವುದು ಅಂದಾಜಣ್ಣನ ಬೀದಿಯ ತಿರುವಿನಿಂದ, ಬೆಳಿಗ್ಗೆ ಆರೂಮುಕ್ಕಾಲಿಗೆ. "ಬಿಡಲ್ಲ ನಾನು," ಎಂದಳು ನಕ್ಷೆಯವಳು, ಹೊಸಿಲಲ್ಲೇ ನಿಂತು. "ಆ ಟ್ಯಾಂಕಿನ ಕೊನೇ ಬೋಲ್ಟ್ ಬಿಗಿಯೋವರೆಗೂ ಬಿಡಲ್ಲ." ಅವಳು ದಾರಿ ಬಿಟ್ಟು ಒಳಗೆ ಕರೆದಳು.

ಆ ಮನೆಯಿಂದ ಮೂರು ಮಹಡಿ ಇಳಿಯುವುದಕ್ಕೆ ನಕ್ಷೆಯವಳಿಗೆ ಬೆಳಗಿನ ಹೊತ್ತು ಬಹಳ ಸಮಯ ಹಿಡಿಯುತ್ತದೆ. ಚಾಲಕನಿಗೆ ಸಾಹೇಬರ ಅಪ್ಪಣೆಯಾಗಿದೆ, ಯಾರಿಗೂ ಕಾಯಬಾರದು. ಆದ್ದರಿಂದ ಈಗಲೂ ದಿನಾ ಬೆಳಿಗ್ಗೆ ಆರೂ ನಲವತ್ತಕ್ಕೆ ಅಂದಾಜಣ್ಣನ ಹೆಂಡತಿ ಮೊದಲೇ ಕೆಳಗಿಳಿದು, ಶಾಲು ಬಿಗಿದುಕೊಂಡು, ಬಸ್ಸಿನ ಮೂತಿಯ ಎದುರಿಗೆ ಹೋಗಿ ನಿಲ್ಲುತ್ತಾಳೆ.

"ಅಮ್ಮಾ, ದಾರಿ ಬಿಡಿ. ಹೊತ್ತಾಯ್ತು," ಎಂದು ಚಾಲಕ ಹಾರನ್ ಒತ್ತುತ್ತಾನೆ.

"ಒತ್ತು. ಅವಳಿಗೂ ಕೇಳಿಸಲಿ, ಇಳೀತಾ ಇದಾಳೆ."

"ದಿನಾ ಇದೇ ಆಯ್ತಲ್ಲಮ್ಮಾ ನಿಮ್ಮದು."

"ನಾಳೆನೂ ಇದೇ," ಎಂದು ಅವಳು ಬಸ್ಸಿನ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಲ್ಲುತ್ತಾಳೆ. ಚಳಿಯ ದಿನಗಳಲ್ಲಿ ಅದು ಬೆಚ್ಚಗಿರುತ್ತದೆ.